ಔರಾದಿನ ಮೀಠ

ಬೀದರಿನ ಚೌಬಾರಾದ ಹಿಂದಿನ ಓಣಿಯಲ್ಲಿ ಕಸ್ತೂರಿಬಾಯಿ ಬರುತ್ತಿದ್ದಾಳೆ ಎಂದರೆ ಕಿರಾಣಿ ಅಂಗಡಿಯವರು ತಕ್ಕಡಿಯನ್ನು ಒಮ್ಮೆ ಒರೆಸಿಡುತ್ತಿದ್ದರು. ಒರೆಸದಿದ್ದರೆ ಆಕೆಯೇ ತಟ್ಟೆಯನ್ನು ತಿರುಗಿಸಿ, ತಳದಲ್ಲಿ ಹುಣಸೆಹಣ್ಣೇನಾದರೂ ಮೆತ್ತಿದ್ದಾರೆಯೋ ಎಂದು ಉಗುರಿನಿಂದ ಕೆರೆದು ನೋಡುತ್ತಿದ್ದಳು. ತೊಗರಿಬೇಳೆಯನ್ನು ಹಲ್ಲಿನಲ್ಲಿ ಕಡಿಯದೆ, ಬೆಲ್ಲವನ್ನು ಮೂಸದೆ, ಜೀರಿಗೆಯನ್ನು ಅಂಗೈಯಲ್ಲಿ ತಿಕ್ಕದೆ ಕೊಂಡವಳೇ ಅಲ್ಲ.

"ಇಷ್ಟು ಶಕ್ ಇದ್ರ ಹೊಲಕ್ಕೇ ಹೋಗಿ ತಗೋರಿ ಅಮ್ಮಾ," ಎಂದು ಅಂಗಡಿಯ ನಜಮೋದ್ದೀನ ಒಮ್ಮೆ ಬೇಸತ್ತು ಅಂದಿದ್ದ.

"ಹೊಲದವ ಏನು ದೇವರೇನು?" ಎಂದು ಅಲ್ಲೇ ಅವನ ಬಾಯಿ ಮುಚ್ಚಿಸಿದ್ದಳು.

ನಗಬೇಡಿ. ಕಮಠಾಣದಿಂದ ಮದುವೆಯಾಗಿ ಬಂದವಳು, ಮಗ ಬಸವಣ್ಣೆಪ್ಪ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಗಂಡನನ್ನು ಕಳೆದುಕೊಂಡವಳು. ಭಾವಂದಿರು ಹೊಲದ ಪಾಲಿನಲ್ಲಿ ಮೋಸ ಮಾಡಿದರು, ಬಾಡಿಗೆಯವರು ಬಾಡಿಗೆಯಲ್ಲಿ ಮೋಸ ಮಾಡಿದರು. ಯಾರನ್ನೂ ನಂಬದೆಯೇ ಆ ಹೆಣ್ಣು ಮಗನನ್ನು ಸಾಕಿ, ಓದಿಸಿ, ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗುವಂತೆ ಮಾಡಿದ್ದಳು. ಅಂಥವಳಿಗೆ ಅನುಮಾನ ಬಿಡು ಎಂದರೆ ಹೇಗೆ ಬಿಟ್ಟಾಳು?

ಬೀದರ ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಆಗ ಆಕೆ ಆ ರಾಜ್ಯದ ಮೇಲೂ ಅನುಮಾನಪಟ್ಟಳು. ಮಗನ ಕಾಗದಪತ್ರಗಳೆಲ್ಲ ಉರ್ದುವಿನಲ್ಲಿದ್ದವು. ಅವು ಎಲ್ಲೆಲ್ಲಿಗೋ ಹೋಗಿ ಬರುವವರೆಗೆ ಪಗಾರ ತಡವಾಗತೊಡಗಿತು. "ಮೈಸೂರು ಅಂದ್ರ ಎಲ್ಲಿ ಅದ ಅಂತ ನೋಡ್ದವ್ರು ಯಾರು? ಅಲ್ಲಿಂದ ಪಗಾರ ಬರೂತನಕ ಇಲ್ಲಿ ಒಲಿ ಆರತದ," ಎಂದು ಓಣಿಗೆಲ್ಲ ಕೇಳುವಂತೆ ಗೊಣಗಿದಳು. ಅದರ ಮೇಲೆ ಹೊಸ ಪೈಸೆ ಬಂತು. ಆಣೆ ಕೊಟ್ಟರೆ ಅಂಗಡಿಯವ ಪೈಸೆಯಲ್ಲಿ ಚಿಲ್ಲರೆ ಕೊಡುತ್ತಿದ್ದ. ಅದನ್ನು ಅಂಗೈಯಲ್ಲಿಟ್ಟುಕೊಂಡು, ಇದರಲ್ಲಿ ಎಷ್ಟು ನುಂಗಿದನೋ ಎಂದು ಮನೆಯವರೆಗೂ ಯೋಚಿಸುತ್ತ ಬರುತ್ತಿದ್ದಳು.

ಅದೇ ಹೊತ್ತಿಗೆ ಮೊಣಕಾಲು ಹಿಡಿದವು. ಬಜಾರಕ್ಕೆ ಹೋಗುವುದು ನಿಂತಿತು. ಬೇರೆ ದಾರಿ ಕಾಣದೆ, ಮದುವೆಯಾಗಿ ವರ್ಷವೂ ತುಂಬದ ಸೊಸೆ ಅನುಸೂಯಾಳಿಗೆ ಮನೆಯ ಸಂತೆ ಸಾಮಾನಿನ ಭಾರವನ್ನೂ ಉಗ್ರಾಣದ ಕೀಲಿಯನ್ನೂ ಒಪ್ಪಿಸಿದಳು. ಅನುಸೂಯಾ ಔರಾದ ಕಡೆಯ ಹುಡುಗಿ. ತವರಿನಲ್ಲಿ ಮಾತು ಮರಾಠಿ. ಇಲ್ಲಿಗೆ ಬಂದ ಮೇಲೆ ತಡವರಿಸುತ್ತಲೇ ಕನ್ನಡ ಕಲಿತಿದ್ದಳು. ಮಾತು ಕಡಿಮೆ, ಕೆಲಸ ಹೆಚ್ಚು. ಕಸ್ತೂರಿಬಾಯಿಗೆ ಅದೂ ಒಂದು ಅನುಮಾನವೇ: ಇಷ್ಟು ಸುಮ್ಮನಿರುವವಳು ಒಳಗೆ ಏನೋ ಲೆಕ್ಕ ಹಾಕುತ್ತಿರಬೇಕು!

ಲೆಕ್ಕ ಹಾಕುತ್ತಿದ್ದದ್ದು ನಿಜ. ಆಕೆ ಅಂಗಡಿಯ ಬೇಳೆ ತರುವುದನ್ನು ಬಿಟ್ಟು, ಭಾತಂಬ್ರಾದಿಂದ ಗಾಡಿಯಲ್ಲಿ ಬರುವ ರೈತರಿಂದ ಇಡೀ ತೊಗರಿ ಕೊಂಡು ಮನೆಯ ಬೀಸುಕಲ್ಲಿನಲ್ಲೇ ಒಡೆದಳು. ಹೊಟ್ಟು, ನುಚ್ಚು ಪಕ್ಕದ ಮನೆಯ ಎಮ್ಮೆಗೆ. ಬದಲಿಗೆ ಅಲ್ಲಿಂದ ದಿನಾ ಒಂದು ಚೆಂಬು ಮಜ್ಜಿಗೆ. ಬಜಾರಕ್ಕೆ ಹೋಗುವುದೂ ಬೆಳಿಗ್ಗೆ ಅಲ್ಲ, ಸಂತೆ ಏಳುವ ಹೊತ್ತಿಗೆ. ತರಕಾರಿ ಹೊತ್ತು ತಂದವರಿಗೆ ಅದನ್ನು ಮತ್ತೆ ಹೊತ್ತೊಯ್ಯಲು ಮನಸ್ಸಿರುವುದಿಲ್ಲ ನೋಡಿ, ರಾಶಿಗಟ್ಟಲೆ ಹಸಿಮೆಣಸಿನಕಾಯಿ, ಚೌಳಿಕಾಯಿ, ಮಾವಿನಕಾಯಿ, ನಿಂಬೆ ಅಗ್ಗಕ್ಕೆ ಸಿಗುತ್ತಿತ್ತು. ಕೆಲವನ್ನು ಉಪ್ಪಿನಲ್ಲಿ ಹಾಕಿಡುವಳು, ಕೆಲವನ್ನು ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ನೆನೆಸಿ ಮಾಳಿಗೆಯ ಮೇಲೆ ಒಣಗಿಸುವಳು. ತರಕಾರಿ ತುಟ್ಟಿಯಾದ ದಿನ ಬುಟ್ಟಿ ಹಿಡಿದು ಹೊರಗೆ ಹೋಗುವ ಮಾತೇ ಇಲ್ಲ. ರೊಟ್ಟಿಯ ಜೊತೆ ಕರಿದ ಮೆಣಸಿನಕಾಯಿ, ಬಿಸಿ ಬೇಳೆ. ಬಸವಣ್ಣೆಪ್ಪ ಬೆರಳು ನೆಕ್ಕುತ್ತಿದ್ದ.

ಪಗಾರ ತಡವಾದರೂ ಒಲೆ ಆರಲಿಲ್ಲ. ಬೇರೆ ಅತ್ತೆಯಾಗಿದ್ದರೆ ಸೊಸೆಗೆ ದೃಷ್ಟಿ ತೆಗೆಯುತ್ತಿದ್ದಳು. ಕಸ್ತೂರಿಬಾಯಿಯ ನಿದ್ದೆ ಹಾರಿಹೋಯಿತು. ನಾನು ಜೀವಮಾನವೆಲ್ಲ ತಕ್ಕಡಿ ಕೆರೆದು ಕೆರೆದು ಉಳಿಸಲಾಗದ್ದನ್ನು ನಿನ್ನೆ ಮೊನ್ನೆ ಬಂದ ಹುಡುಗಿ ಹೇಗೆ ಉಳಿಸುತ್ತಾಳೆ? ಇದರಲ್ಲಿ ಏನೋ ಇದೆ!

ಭಾಲ್ಕಿಯಲ್ಲಿದ್ದ ಅಕ್ಕ ಗುರಮ್ಮನ ಮನೆಗೆ ಹೋದಾಗ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿಕೊಂಡಳು. ಗುರಮ್ಮ ಎಲೆಗೆ ಸುಣ್ಣ ಹಚ್ಚುತ್ತ, "ಒಲಿ ಮ್ಯಾಲಿನ ಖರ್ಚು ಕಮ್ಮಿ ಮಾಡ್ಯಾಳಂದ್ರ ಕೋಣ್ಯಾಗಿನ ಖರ್ಚು ಜಾಸ್ತಿ ಮಾಡ್ಯಾಳ ಅಂತ ತಿಳಿ. ಹರೇದ ಹುಡುಗಿ ಅದ, ಬಾಯಿ ಚಪಲ ಇರಲ್ಲೇನು? ನೋಡ್ಕೋತ ಇರು," ಎಂದಳು. ಉರಿಯುವುದಕ್ಕೆ ಎಣ್ಣೆ ಸುರಿದ ಹಾಗಾಯಿತು.

ಭಾಲ್ಕಿಯಿಂದ ಮರಳಿದ ವಾರವೇ ಅದು ಕಿವಿಗೆ ಬಿತ್ತು. ಸೋಮವಾರ ಕಸ್ತೂರಿಬಾಯಿ ಮಠಕ್ಕೆ ಹೋಗುವ ರೂಢಿ. ಆ ದಿನ ಮೊಣಕಾಲು ನೋವೆಂದು ಅರ್ಧ ದಾರಿಯಿಂದಲೇ ತಿರುಗಿ ಬಂದಳು. ಹಿತ್ತಲ ಬಾಗಿಲಲ್ಲಿ ಅನುಸೂಯಾಳ ಅಣ್ಣ ವೈಜಿನಾಥ ನಿಂತಿದ್ದ. ಔರಾದಿನಲ್ಲಿ ಅವನದೊಂದು ಕಿರಾಣಿ ಅಂಗಡಿ. ತಂಗಿ ಅವನಿಗೆ ಪಿಸುಮಾತಿನಲ್ಲಿ ಹೇಳುತ್ತಿದ್ದಳು:

"ಪುಢಚ್ಯಾ ಸೋಮವಾರಿ ಮೀಠ ಆಣ. ಪಣ ಸಾಸೂಬಾಯಿನ್ನಾ ಕಳೂ ದೇವೂ ನಕೋ."

ಕಸ್ತೂರಿಬಾಯಿಗೆ ಮರಾಠಿ ಬಾರದು. ಆದರೆ ಬೀದರಿನಲ್ಲಿ ಬಾಳಿದವಳಿಗೆ ಸಾಸೂಬಾಯಿ ಎಂದರೆ ಅತ್ತೆ, ನಕೋ ಎಂದರೆ ಬೇಡ, ಇಷ್ಟು ತಿಳಿಯದೇ? ಇನ್ನು ಮೀಠ! ಮದುವೆಯಾಗಿ ಬಂದಾಗಿನಿಂದ ಓಣಿಯಲ್ಲಿ ಕೇಳಿದ ಉರ್ದು ಅದು. ಮೀಠಾ ಎಂದರೆ ಸಿಹಿ. ಮುಂದಿನ ಸೋಮವಾರ ಸಿಹಿ ತಾ, ಅತ್ತೆಗೆ ಗೊತ್ತಾಗಬಾರದು!

ಆಕೆಯ ಮೈಯೆಲ್ಲ ಉರಿದುಹೋಯಿತು. ಮನೆಯವರು ಬೆಲ್ಲದ ಚಹಾ ಕುಡಿದುಕೊಂಡು ಕೂತಿರುವಾಗ ಈ ಮಹಾರಾಣಿ ಮಾಳಿಗೆಯ ಮೇಲೆ ಕೂತು ಪೇಡೆ ತಿನ್ನುತ್ತಾಳೆ! ಉಳಿಸಿದ ರೊಕ್ಕವೆಲ್ಲ ಎಲ್ಲಿ ಹೋಗುತ್ತಿದೆ ಎಂಬುದು ಈಗ ತಿಳಿಯಿತು. ಆ ವಾರವಿಡೀ ಸೊಸೆಯ ತುಟಿ ನೋಡಿದ್ದೇ ನೋಡಿದ್ದು. ಕೆನ್ನೆ ತುಂಬಿಕೊಂಡಿವೆ, ಹೌದು, ತುಂಬಿಕೊಂಡಿವೆ! ಕೋಣೆಯ ಮೂಲೆಮೂಲೆಯಲ್ಲಿ ಇರುವೆ ಸಾಲು ಹುಡುಕಿದಳು. ಒಂದೂ ಇರುವೆ ಇರಲಿಲ್ಲ. ಅಬ್ಬಾ, ಡಬ್ಬಿಯನ್ನು ನೀರಿನ ತಾಟಿನಲ್ಲಿ ಇಡುತ್ತಿದ್ದಾಳೆ, ಎಂಥ ಹುಷಾರಿ ಹೆಣ್ಣು!

ಭಾನುವಾರ ಸಂಜೆ ಸೊಸೆಯನ್ನು ಕರೆದು ಹೇಳಿಬಿಟ್ಟಳು: "ನಾಳಿ ನಿಮ್ಮಣ್ಣ ಬರ್ತಾನ. ಸೀರಿ ಎಲ್ಲಾ ಟ್ರಂಕಿನಾಗ ತುಂಬ್ಕೊ."

"ಯಾಕ್ರಿ ಅತ್ತಿ?"

"ಯಾಕ ಅಂತ ನಿನಗ ಗೊತ್ತದ."

ಅನುಸೂಯಾಳ ಮುಖ ಬಿಳಿಚಿಕೊಂಡಿತು. ಒಳಗೆ ಹೋಗಿ ಅಳುತ್ತ ಸೀರೆ ಮಡಿಚತೊಡಗಿದಳು. ಕಳ್ಳತನ ಇಲ್ಲದಿದ್ದರೆ ಮುಖ ಯಾಕೆ ಬಿಳಿಚಿಕೊಳ್ಳಬೇಕು? ಅತ್ತೆಗೆ ಇದ್ದ ಚೂರುಪಾರು ಸಂದೇಹವೂ ಹೋಯಿತು.

"ನಾಕ ದಿನ ಹೋಗಿ ಬರ್ಲಿ ಬಿಡವ್ವಾ," ಎಂದು ಬಸವಣ್ಣೆಪ್ಪ ಮೆಲ್ಲಗೆ ಅಂದ.

"ನಾಕ ದಿನ ಅಲ್ಲ. ನಾ ಕರಸೂತನಕ," ಎಂದಳು ತಾಯಿ. ಆಕೆ ಎಂದೂ ಕರೆಸುವವಳಲ್ಲ ಎಂಬುದು ಮಗನಿಗೂ ಗೊತ್ತಿತ್ತು. ಆದರೂ ತಾಯಿಗೆ ಎದುರಾಡಿದವನಲ್ಲ.

ಸೋಮವಾರ ಕಸ್ತೂರಿಬಾಯಿ ಮಠಕ್ಕೆ ಹೋಗಲಿಲ್ಲ. ಹಿತ್ತಲ ಬಾಗಿಲಿಗೆ ಮಣೆ ಹಾಕಿಕೊಂಡು ಕೂತಳು. ವೈಜಿನಾಥ ಹೆಗಲ ಮೇಲೆ ಚೀಲ ಹೊತ್ತು ಒಳಗೆ ಕಾಲಿಟ್ಟವನು ಆಕೆಯನ್ನು ಕಂಡು ಅಲ್ಲೇ ನಿಂತ.

"ಇಳಿಸು. ಬಿಚ್ಚು," ಎಂದಳು.

ಅವನು ಬಿಚ್ಚುವವರೆಗೆ ಕಾಯಲಿಲ್ಲ, ತಾನೇ ಬಾಯಿದಾರ ಕಿತ್ತು ಕೈ ಹಾಕಿದಳು. ಬೆಳ್ಳಗೆ ಹೊಳೆಯುವ ಹರಳು ಹರಳು. "ನೋಡೋ ಬಸವಣ್ಣೆಪ್ಪಾ, ಕಲ್ಲಸಕ್ರಿ! ಚೀಲಗಟ್ಟಲೆ ಕಲ್ಲಸಕ್ರಿ ತರಸ್ಯಾಳ ನಿನ್ನ ಹೇಣ್ತಿ!" ಎಂದು ದೊಡ್ಡದೊಂದು ಹರಳನ್ನು ಸಾಕ್ಷಿಗೆಂಬಂತೆ ಬಾಯಿಗೆ ಹಾಕಿಕೊಂಡು ಕಟ್ಟನೆ ಕಡಿದಳು.

ಕಡಿದವಳು ಕಡಿದ ಹಾಗೇ ಉಳಿದಳು. ಕಣ್ಣಲ್ಲಿ ನೀರು ತುಂಬಿತು. "ಥೂ! ಇದು ಉಪ್ಪು!"

"ಹೌದ್ರಿ ಮಾವಶಿ, ಮೀಠ," ಎಂದ ವೈಜಿನಾಥ, ಏನೂ ಅರ್ಥವಾಗದೆ.

"ಅವ್ವಾ, ಮರಾಠ್ಯಾಗ ಉಪ್ಪಿಗಿ ಮೀಠ ಅಂತಾರ," ಎಂದ ಬಸವಣ್ಣೆಪ್ಪ. ಅವನಿಗೆ ನಗು ತಡೆಯಲಾಗಲಿಲ್ಲ. ತಾಯಿಯ ಕಣ್ಣು ಕಂಡು ಅರ್ಧಕ್ಕೇ ನುಂಗಿಕೊಂಡ.

ಕಸ್ತೂರಿಬಾಯಿ ಸೋಲುವವಳಲ್ಲ. "ಉಪ್ಪಾದ್ರ ಕದ್ದು ಯಾಕ ತರಸ್ಬೇಕು?"

ಅನುಸೂಯಾ ಬಾಗಿಲ ಹಿಂದಿನಿಂದಲೇ ಹೇಳಿದಳು: "ನಾ ಬಂದ ದಿನಾನೇ ನೀವು ಹೇಳಿದ್ರಿ, ಸೊಸಿ ತವರಮನಿ ಉಪ್ಪು ಈ ಮನ್ಯಾಗ ಬರಬಾರದು, ಋಣ ಅಂಟ್ತದ ಅಂತ. ಆದ್ರ ಉಪ್ಪಿನಕಾಯಿಗಿ, ಒಣಗಸ್ಲಾಕ ಚೀಲಗಟ್ಟಲೆ ಉಪ್ಪು ಬೇಕಲ್ರಿ. ಇಲ್ಲಿ ಪುಡಿಕಿ ಲೆಕ್ಕದಾಗ ತಂದ್ರ ಉಳಿದಿದ್ದೆಲ್ಲಾ ಅದಕ್ಕೇ ಹೋಗ್ತದ. ಅಣ್ಣ ಅಂಗಡಿಗಿ ಉದಗೀರಲಿಂದ ಮೂಟಿ ತರಸ್ತಾನ, ಅದರಾಗ ಕೊಡ್ತಾನ. ರೊಕ್ಕ ಕೊಡ್ಲಾಕ ಹೋದ್ರ ಒಲ್ಲೆ ಅಂತಾನ."

"ಎಷ್ಟು ದಿನದಿಂದ?"

"ಕೀಲಿ ನನ್ನ ಕೈಗಿ ಕೊಟ್ಟಾಗಿಂದ್ರಿ."

ಕಸ್ತೂರಿಬಾಯಿ ಮತ್ತೆ ಮಣೆಯ ಮೇಲೆ ಕೂತಳು. ಅಷ್ಟು ದಿನದಿಂದ ತಾನು ಈ ಹುಡುಗನ ಮನೆಯ ಉಪ್ಪು ತಿಂದಿದ್ದಾಳೆ! ಮೂರು ಹೊತ್ತೂ, ರುಚಿ ನೋಡಿ ನೋಡಿ, ಎರಡೆರಡು ಸಲ ಬಡಿಸಿಕೊಂಡು. ಉಪ್ಪು ತಿಂದು ತಿರುಗಿಬಿದ್ದವರನ್ನು ಓಣಿಯಲ್ಲಿ ನಿಂತು ನಮಕಹರಾಮ ಎಂದು ಬೈದ ಬಾಯಿ ಅದು. ಈಗ ಆ ಮನೆಯ ಮಗಳಿಗೇ ಟ್ರಂಕು ತುಂಬಿಸಿದ್ದಾಳೆ.

"ಟ್ರಂಕ್ ಯಾರದು?" ಎಂದು ವೈಜಿನಾಥ ಕೇಳಿದ.

ಕಸ್ತೂರಿಬಾಯಿ ಗೋಡೆ ಹಿಡಿದು ಎದ್ದಳು. "ಉಂಡು ಹೋಗ್ಬೇಕು ನೀ. ಕೂಡು," ಎಂದು ಅಡಿಗೆಮನೆಗೆ ಹೋಗಿ ಪಲ್ಯಕ್ಕೆ ಉಪ್ಪು ಹಾಕಲು ಕೈಯೆತ್ತಿದವಳು ನಿಂತುಬಿಟ್ಟಳು. ಅವನ ಉಪ್ಪಿನಲ್ಲೇ ಅವನಿಗೆ ಉಣ್ಣಿಸಿದರೆ ಋಣ ಎಲ್ಲಿ ತೀರೀತು?

ಆ ಮೊಣಕಾಲನ್ನು ಎಳೆದುಕೊಂಡು ಆಕೆಯೇ ನಜಮೋದ್ದೀನನ ಅಂಗಡಿಗೆ ಹೋದಳು. ಒಂದು ಪುಡಿಕೆ ಉಪ್ಪು ಕೇಳಿದಳು. ತಟ್ಟೆ ತಿರುಗಿಸಲಿಲ್ಲ, ತೂಕ ನೋಡಲಿಲ್ಲ, ಹೇಳಿದಷ್ಟು ಕೊಟ್ಟಳು. "ಅಮ್ಮಾ, ತಬಿಯತ್ ಠೀಕ್ ಅದ ಅಲ್ರಿ?" ಎಂದು ಅವನು ಹೆದರಿ ಕೇಳಿದ.

ವೈಜಿನಾಥ ಹೊಟ್ಟೆ ತುಂಬ ಉಂಡ, ಖಾಲಿ ಚೀಲ ಮಡಿಚಿಕೊಂಡು ಬಸ್ಸಿಗೆ ಹೋದ. ಬಸವಣ್ಣೆಪ್ಪ ತಡವಾಯಿತೆಂದು ಕಚೇರಿಗೆ ಓಡಿದ. ಅತ್ತೆ ಸೊಸೆ ಇಬ್ಬರೇ ಉಳಿದರು. ಅನುಸೂಯಾ ಪಾತ್ರೆ ತಿಕ್ಕುತ್ತಿದ್ದ ಕೈ ನಿಲ್ಲಿಸಿ, ಮೊದಲ ಸಲ ಅತ್ತೆಯ ಮುಖವನ್ನು ನೇರ ನೋಡಿದಳು.

"ಚೀಲದಾಗ ಖರೇನೇ ಕಲ್ಲಸಕ್ರಿ ಇದ್ರ ನನ್ನ ಕಳಸ್ತಿದ್ರಿ, ಹೌದಲ್ರಿ?"

ಸುಳ್ಳು ಹೇಳಬಹುದಿತ್ತು. ಕಸ್ತೂರಿಬಾಯಿ ಹೇಳಲಿಲ್ಲ. "ಹೂಂ. ಕಳಸ್ತಿದ್ದೆ."

"ಒಂದ ಚೀಲ ಕಲ್ಲಸಕ್ರಿ ಸಲುವಾಗಿ ಸೊಸಿನ ಕಳಕೋತಿದ್ರೇನ್ರಿ ಅತ್ತಿ?"

ಕಸ್ತೂರಿಬಾಯಿ ಟ್ರಂಕಿನ ಒಂದು ಹಿಡಿಕೆಗೆ ಕೈ ಹಾಕಿ, ಇನ್ನೊಂದು ಕಡೆ ಹಿಡಿ ಎಂದು ಸೊಸೆಗೆ ಕಣ್ಣಿನಲ್ಲೇ ಹೇಳಿದಳು. ಇಬ್ಬರೂ ಸೇರಿ ಅದನ್ನು ಎತ್ತಿದಾಗ, ಏದುಸಿರಿನ ನಡುವೆ ಅಂದಳು:

"ಭಾಳ ತುಟ್ಟಿ ಬೀಳ್ತಿತ್ತು, ಹುಡುಗಿ."