ಮುಖ ತೋರಿಸಲು ಹೋಗುತ್ತಿದ್ದ ಜುಲ್ಫಿಯೆ

ಪ್ರತಿ ತಿಂಗಳ ಮೊದಲ ಸೋಮವಾರ ಜುಲ್ಫಿಯೆ ತಲೆಗೆ ಹೂವಿನ ರುಮಾಲು ಕಟ್ಟಿಕೊಂಡು, ಪದರ ಪದರಕ್ಕೂ ಬೆಣ್ಣೆ ಸವರಿ ಬೇಯಿಸಿದ ಕತ್ಮೆರ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ ಅಮೆರಿಕದ ಡೆನ್ವರ್ ಊರಿನ ನಿರಾಶ್ರಿತರ ಕಚೇರಿಗೆ ಹೋಗುತ್ತಿದ್ದಳು. ಬಾ ಎಂದು ಯಾರೂ ಕರೆದಿರಲಿಲ್ಲ. ಅಲ್ಲಿ ಕೆಲಸಕ್ಕಿದ್ದ, ರಷ್ಯನ್ ಕಲಿತಿದ್ದ ಮೇಗನ್ ಎಂಬ ಹುಡುಗಿ, "ಅಜ್ಜಿಗೆ ನಮ್ಮ ಮೇಲೆ ಎಷ್ಟು ಪ್ರೀತಿ!" ಎಂದು ರೊಟ್ಟಿ ಮುರಿದು ಎಲ್ಲರಿಗೂ ಹಂಚುತ್ತಿದ್ದಳು. ಪ್ರೀತಿಯಂತೆ, ಮಣ್ಣಂಗಟ್ಟಿ! ಜುಲ್ಫಿಯೆ ಹೋಗುತ್ತಿದ್ದದ್ದು ತಾನು ಓಡಿಹೋಗಿಲ್ಲವೆಂದು ಮುಖ ತೋರಿಸಲು.

ಅದು ತಾಯಿಯಿಂದ ಬಂದ ಪಾಠ. ಯುದ್ಧದ ಕಾಲದಲ್ಲಿ ಅಲ್ಲಿನ ಸರ್ಕಾರ ನಮ್ಮವರನ್ನು, ಅಹಿಸ್ಕಾ ತುರ್ಕರನ್ನು, ಜಾರ್ಜಿಯಾದ ಬೆಟ್ಟದೂರುಗಳಿಂದ ದನ ಸಾಗಿಸುವ ರೈಲಿಗೆ ತುಂಬಿ ಉಜ್ಬೇಕರ ನಾಡಿನಲ್ಲಿ ಸುರಿದಾಗ ಜುಲ್ಫಿಯೆ ಇನ್ನೂ ಮಗು. ಅಲ್ಲಿ ತಿಂಗಳು ತಿಂಗಳೂ ಕಮೆಂಡಾಂಟ್ ಎಂಬ ಅಧಿಕಾರಿಯ ಮುಂದೆ ನಿಲ್ಲಬೇಕು. ಅವನ ಅಪ್ಪಣೆಯಿಲ್ಲದೆ ಪಕ್ಕದೂರಿಗೂ ಕಾಲಿಡುವಂತಿಲ್ಲ. ತಾಯಿ ಅವನಿಗೆ ಮೊಟ್ಟೆ ಒಯ್ಯುತ್ತಿದ್ದಳು. ಕಾಲುವೆಯಾಚೆ ಚಿಕ್ಕಮ್ಮ ಸತ್ತ ದಿನ ಆ ಮಹರಾಯ ಕುಡಿದು ಮಲಗಿದ್ದ. ತಾಯಿ ಈಚೆ ದಡದಲ್ಲೇ ಕೂತು ಅತ್ತಳು. ಎಷ್ಟೋ ವರ್ಷಗಳ ಮೇಲೆ ಮನೆಗಳಿಗೆ ಬೆಂಕಿ ಹಚ್ಚಿ ಅಲ್ಲಿಂದಲೂ ಓಡಿಸಿದರು, ರಷ್ಯಾದವರು ನೆಲೆ ನಿಲ್ಲಲು ಬಿಡಲಿಲ್ಲ, ಕೊನೆಗೆ ಅಮೆರಿಕ ಕರೆಯಿತು.

ಕರೆದು ಮಾಡಿದ್ದೇನು? ಅಕ್ಕ ಜುಲ್ಫಿಯೆಯನ್ನು ಡೆನ್ವರ್‌ನಲ್ಲಿ, ತಂಗಿ ಸಾರಿಗುಲ್‌ಳನ್ನು ಎರಡು ಹಗಲಿನ ದಾರಿಯಾಚೆ ಇನ್ನೊಂದು ಊರಿನಲ್ಲಿ ಇಳಿಸಿತು. ಮಾಂಸದ ಕಾರ್ಖಾನೆಗೆ ಜುಲ್ಫಿಯೆಯ ಮಗನ ಕೈ ಬೇಕಿತ್ತು, ಯಾರೂ ಮೂಸದ ಕಟ್ಟಡದ ಮಾಲೀಕನಿಗೆ ಬಾಡಿಗೆ ಬೇಕಿತ್ತು. ಮುದುಕಿಗೆ ತಂಗಿ ಬೇಕು ಎಂಬುದು ಯಾರ ತಲೆಗೂ ಹೋಗಲಿಲ್ಲ. ಇಷ್ಟು ವಯಸ್ಸಾದರೂ ಆಕೆ ತನ್ನ ಬೀದಿಯನ್ನು ತಾನೇ ಆರಿಸಿಕೊಂಡದ್ದು ಒಮ್ಮೆಯೂ ಇಲ್ಲ! ತಂಗಿಯ ಬಳಿ ಹೋಗಲೇ ಎಂದು ಮೊದಲ ವರ್ಷವೇ ಕೇಳಿದ್ದಳು. "ಬೇಡ ಅಜ್ಜಿ, ಊರು ಬಿಟ್ರೆ ಇಲ್ಲಿ ಸಿಗೋ ಸಹಾಯ ನಿಂತುಹೋಗುತ್ತೆ," ಎಂದಿದ್ದಳು ಮೇಗನ್. ಬೇಡ ಎಂದರೆ ಬೇಡ. ಜುಲ್ಫಿಯೆ ಮತ್ತೆ ಕೇಳಲಿಲ್ಲ. ರೊಟ್ಟಿಗೆ ಬೆಣ್ಣೆ ಹೆಚ್ಚಿಸಿದಳು.

ಮೂರನೆಯ ವರ್ಷ ಸಾರಿಗುಲ್ ಡೇಟನ್ ಎಂಬ ಊರಿನಿಂದ ಫೋನ್ ಮಾಡಿದಳು.

"ಅಕ್ಕಾ, ನಾವಿಲ್ಲಿಗೆ ಬಂದ್ಬಿಟ್ವಿ. ಬೀದಿ ತುಂಬಾ ನಮ್ಮೋರೇ. ಪಾಳು ಬಿದ್ದ ಮನೆ ತಗೊಂಡು ನಾವೇ ರಿಪೇರಿ ಮಾಡ್ಕೊಂಡ್ವಿ. ಪಕ್ಕದ್ದು ಖಾಲಿ ಇದೆ, ಬಾ."

"ನಿಂಗೆ ಅಪ್ಪಣೆ ಕೊಟ್ಟೋರ್ಯಾರೇ?"

"ಯಾವ ಅಪ್ಪಣೆ? ಲಾರಿಗೆ ಹಾಸಿಗೆ ಹಾಕ್ಕೊಂಡ್ವಿ, ಬಂದ್ವಿ. ಒಂದು ನಾಯೀನೂ ಕೇಳ್ಲಿಲ್ಲ!"

ಮುಂದಿನ ತಿಂಗಳ ಮೊದಲ ಸೋಮವಾರ ಜುಲ್ಫಿಯೆ ಅಭ್ಯಾಸದಂತೆ ರೊಟ್ಟಿಯನ್ನು ಮೇಗನ್‌ಳ ಮೇಜಿನ ಮೇಲೆ ಬಿಚ್ಚಿಟ್ಟಳು. ಆದರೆ ಕೂರಲಿಲ್ಲ.

"ನಾನು ತಂಗಿ ಹತ್ರ ಹೋಗೋಕೆ ನಿನ್ನ ಅಪ್ಪಣೆ ಬೇಕಾ, ಬೇಡ್ವಾ?"

"ಅಪ್ಪಣೆನಾ?" ಮೇಗನ್ ನಕ್ಕಳು. "ಅಯ್ಯೋ, ನೀವು ಯಾವತ್ತು ಬೇಕಾದ್ರೂ ಹೋಗ್ಬಹುದಿತ್ತು. ನಿಮ್ಮ ಒಳ್ಳೇದಕ್ಕೆ ಬೇಡ ಅಂದೆ, ಅಷ್ಟೆ."

ಮುದುಕಿಯ ಮೈಯೆಲ್ಲ ಉರಿದುಹೋಯಿತು.

"ನನ್ನ ಒಳ್ಳೇದು! ನಮ್ಮಮ್ಮನಿಗೆ ಕಮೆಂಡಾಂಟೂ ಇದನ್ನೇ ಹೇಳ್ತಿದ್ದ. ಅವನಾದ್ರೂ ಬೇಲಿ ಇದೆ ಅಂತ ಬಾಯಿಬಿಟ್ಟು ಹೇಳಿದ್ದ. ಬೇಲಿ ಇಲ್ಲ ಅನ್ನೋಕೆ ನಿಂಗೇನು ನಾಲಿಗೆ ಬಿದ್ದುಹೋಗಿತ್ತಾ?"

ಮೇಗನ್‌ಳ ನಗು ಇಂಗಿತು. "ನೀವು ಪ್ರೀತಿಯಿಂದ ಬರ್ತೀರಿ ಅಂದ್ಕೊಂಡಿದ್ದೆ, ಅಜ್ಜಿ."

ಜುಲ್ಫಿಯೆ ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡಳು.

"ಇದು ನನ್ನ ತಂಗಿಗೆ. ನಿಂಗೆ ತಿನ್ನೋ ಆಸೆ ಆದ್ರೆ ಡೇಟನ್‌ಗೆ ಬಾ. ತಿಂಗಳಿಗೊಂದ್ಸಲ ಬಂದು ಮುಖ ತೋರಿಸಿ ಹೋಗು."