ಕವನಾ ತಾನೇ ಬರೆದ ಅರ್ಜಿ

ಕವನಾ ಆಸ್ಟ್ರೇಲಿಯಾದ ಪರ್ತ್ ಸಿಟಿಯ ಒಂದು ಕಂಪನಿಯಲ್ಲಿ ಮೂರು ವರ್ಷ ಕೆಲಸ ಮಾಡಿದಳು. ಬ್ಯಾಂಕುಗಳು ಸಾಲದ ಜೊತೆ ಜನರಿಗೆ ಬೇಡದ ವಿಮೆ ಮಾರಿದ್ದರೆ ಆ ದುಡ್ಡನ್ನು ವಾಪಸ್ ಕೊಡಿಸುವುದು ಕಂಪನಿಯ ವ್ಯವಹಾರ. ಬಂದದ್ದರಲ್ಲಿ ನೂರಕ್ಕೆ ಮೂವತ್ತು ಕಂಪನಿಗೆ. ಬರದಿದ್ದರೆ ಏನೂ ಕೊಡಬೇಕಾಗಿಲ್ಲ. ಫೋನಿನಲ್ಲಿ ಈ ಕೊನೆಯ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕೆಂದು ತರಬೇತಿಯ ಮೊದಲ ದಿನವೇ ಕಲಿಸಿದ್ದರು.

ಅವಳು ದಾವಣಗೆರೆಯವಳು. ತಂದೆ ಬಸವಂತಪ್ಪ ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಮೂವತ್ತು ವರ್ಷ ಊರವರಿಗೆ ಅರ್ಜಿ ಬರೆದುಕೊಟ್ಟವರು. ಕವನಾ ಅಕೌಂಟಿಂಗ್ ಓದಲು ಬ್ರಿಸ್ಬೇನಿಗೆ ಬಂದಳು. ಅಲ್ಲಿನ ಇಂಡೂರೂಪಿಲ್ಲಿ ಬಡಾವಣೆಯ ಶಾಪಿಂಗ್ ಸೆಂಟರಿನ ಬೇಕರಿಯಲ್ಲಿ ಬ್ರೆಡ್ ಮಾರಿದಳು, ಓದು ಮುಗಿದ ಮೇಲೂ ಬ್ರೆಡ್ಡನ್ನೇ ಮಾರಿದಳು, ಬ್ಯಾಂಕ್ ಸಾಲದಲ್ಲಿ ಒಂದು ಹಳೇ ಕಾರು ಕೊಂಡಳು. ಪರ್ತಿನಲ್ಲಿ ಅಕೌಂಟೆಂಟ್ ಕೆಲಸ ಸುಲಭವಾಗಿ ಸಿಗುತ್ತದೆ ಎಂದು ಯಾರೋ ಹೇಳಿದರು. ಬಂದಳು. ಸಿಗಲಿಲ್ಲ. ಈ ಕಂಪನಿ ಸಿಕ್ಕಿತು.

ಕೆಲಸ ಕಷ್ಟದ್ದಲ್ಲ. ಗಿರಾಕಿಯ ಸಹಿ ತರಿಸಿಕೊಳ್ಳಬೇಕು, ಬ್ಯಾಂಕಿಗೆ ಒಂದು ಪುಟದ ಕಾಗದ ಕಳಿಸಬೇಕು, ಕಾಯಬೇಕು. ಹೆಸರು, ಸಾಲದ ನಂಬರು, ವಿಮೆ ಯಾಕೆ ತಕ್ಕದ್ದಲ್ಲ, ದುಡ್ಡು ವಾಪಸ್ ಕೊಡಿ. ಅಷ್ಟೇ. ಕಾಗದಗಳನ್ನು ಒಟ್ಟುಮಾಡಿ ಶುಕ್ರವಾರ ಮಾತ್ರ ಕಳಿಸುತ್ತಿದ್ದರು. ಯಾಕೆ ಶುಕ್ರವಾರ ಎಂದು ಅವಳು ಮ್ಯಾನೇಜರ್ ಗ್ಲೆನ್‌ನನ್ನು ಕೇಳಿದ್ದಳು. ಮೊದಲಿನಿಂದಲೂ ಹಾಗೇ ಎಂದಿದ್ದ.

ಎರಡನೇ ವರ್ಷ ನಾಗರಾಜ ಎಂಬುವರ ಫೈಲು ಅವಳ ಮೇಜಿಗೆ ಬಂತು. ಪರ್ತಿನ ಪಕ್ಕದ ವೆಲ್ಷ್‌ಪೂಲಿನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು. ಕೆಲಸ ಹೋದರೆ ಸಾಲದ ಕಂತು ಕಟ್ಟುವ ವಿಮೆಯನ್ನು ಬ್ಯಾಂಕ್ ಅವರಿಗೆ ಮಾರಿತ್ತು. ಆದರೆ ಅವರದು ಗಂಟೆ ಲೆಕ್ಕದ ಕ್ಯಾಷುಯಲ್ ಕೆಲಸ, ಕ್ಯಾಷುಯಲ್ ಕೆಲಸದವರಿಗೆ ಆ ವಿಮೆ ಅನ್ವಯಿಸುವುದಿಲ್ಲವೆಂದು ಅದೇ ಪಾಲಿಸಿಯ ಹದಿನಾಲ್ಕನೇ ಪುಟದಲ್ಲಿ ಬರೆದಿತ್ತು. ಬ್ಯಾಂಕ್ ದುಡ್ಡು ವಾಪಸ್ ಕೊಟ್ಟಿತು. ಫೈಲು ಮುಚ್ಚುವಾಗ ಪಾಲಿಸಿಯ ಹೆಸರನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಮನೆಗೆ ಬಂದು ಬ್ರಿಸ್ಬೇನಿನ ಕಾರು ಸಾಲದ ಕಾಗದಗಳನ್ನು ತೆಗೆದಳು. ಅದೇ ಬ್ಯಾಂಕು, ಅದೇ ಪಾಲಿಸಿ. ಬೇಕರಿಯಲ್ಲಿ ಅವಳದೂ ಕ್ಯಾಷುಯಲ್ ಕೆಲಸವೇ. ಸಹಿ ಅವಳದೇ, ತುಂಬ ಚೆನ್ನಾಗಿ ಮಾಡಿದ್ದಳು.

ಎರಡು ವರ್ಷ ಇಡೀ ಆಸ್ಟ್ರೇಲಿಯಾದವರ ಪಾಲಿಸಿ ಓದಿದವಳು ತನ್ನದನ್ನು ಓದಿರಲಿಲ್ಲ. ಅವಳಿಗೆ ಬ್ಯಾಂಕಿನ ಮೇಲಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬಂತು.

ಮರುದಿನ ಗ್ಲೆನ್‌ಗೆ ಹೇಳಿದಳು. ಅವನಿಗೆ ಖುಷಿಯಾಯಿತು.

"ಸ್ಟಾಫಿಗೆ ಇಪ್ಪತ್ತು ಪರ್ಸೆಂಟ್ ಮಾತ್ರ," ಅಂದ.

"ಕಾಗದ ಯಾರು ಬರೀತಾರೆ?"

"ನಿನ್ನದೇ ಫೈಲು ತಾನೆ, ನೀನೇ ಬರಿ."

ಆ ಭಾನುವಾರ ತಂದೆಗೆ ಫೋನ್ ಮಾಡಿದಾಗ ವಿಷಯ ಹೇಳಿ, "ಅಪ್ಪಾಜಿ, ನೀವೂ ದುಡ್ಡು ತಗೊಂಡೇ ಅಲ್ವಾ ಅರ್ಜಿ ಬರೀತಿದ್ದಿದ್ದು? ಅದು ತಪ್ಪಾ?" ಎಂದು ಕೇಳಿದಳು.

"ಬರಿಯಾಕ ಬರದವರ ಹತ್ರ ತಗೊಂಡೆ. ಬರಿಯಾಕ ಬರೋರು ಬಂದ್ರ ಪೆನ್ ಕೊಟ್ಟು, ಆ ಬೆಂಚಿನ ಮ್ಯಾಲ ಕುಂತು ಬರೀರಿ ಅಂತಿದ್ದೆ," ಅಂದರು ಬಸವಂತಪ್ಪ. ಆಮೇಲೆ, "ಎಲ್ರಿಗೂ ಹಂಗ ಹೇಳಲಿಲ್ಲ ಬಿಡು. ನಿನ್ನ ಫೀಸ್ ಕಟ್ಟೋ ತಿಂಗಳು ಯಾರಿಗೂ ಬೆಂಚ್ ತೋರಿಸಿಲ್ಲ," ಅಂದರು.

ಕವನಾ ಕಂಪನಿಗೆ ಸಹಿ ಹಾಕಿಕೊಡದೆ ತಾನೇ ಬರೆದಳು. ಕಂಪನಿಯ ಮಾದರಿ ಕಾಗದ ಕಂಪನಿಯ ಸೊತ್ತು ಎಂದು ಅದನ್ನು ಮುಟ್ಟಲಿಲ್ಲ. ಬೇಕರಿಯ ಸಂಬಳದ ಚೀಟಿಯೊಂದನ್ನು ಜೊತೆಗಿಟ್ಟು ಮಂಗಳವಾರ ಕಳಿಸಿದಳು, ಮಂಗಳವಾರವೂ ಕಳಿಸಬಹುದು ಎಂಬುದು ಖಾತ್ರಿಯಾಗಲಿ ಎಂದು. ಬ್ಯಾಂಕ್ ಮೊದಲು ಆಗುವುದಿಲ್ಲ ಎಂದಿತು. ಆ ಉತ್ತರದ ಒಂದೊಂದು ಸಾಲೂ ಅವಳಿಗೆ ಪರಿಚಯವಿತ್ತು, ಆಫೀಸಿನಲ್ಲಿ ಅಂಥವು ದಿನಕ್ಕೆ ಆರೇಳು ಬರುತ್ತಿದ್ದವು. ಆದರೂ ತನ್ನ ಹೆಸರಿಗೆ ಬಂದಾಗ ಊಟ ಸೇರಲಿಲ್ಲ. ಎರಡು ದಿನ ಬಿಟ್ಟು, ಬ್ಯಾಂಕುಗಳ ಮೇಲಿನ ದೂರನ್ನು ಪುಕ್ಕಟೆ ವಿಚಾರಿಸುವ ಪ್ರಾಧಿಕಾರಕ್ಕೆ ಬರೆದಳು. ಹನ್ನೊಂದನೇ ವಾರ ಬಡ್ಡಿ ಸೇರಿ ಪೂರ್ತಿ ದುಡ್ಡು ಖಾತೆಗೆ ಬಂತು. ಕಾರಿಗೆ ನಾಲ್ಕು ಹೊಸ ಟೈರ್ ಹಾಕಿಸಿದಳು. ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಡಿಲೇಡಿನಿಂದ ಶಿವರುದ್ರಪ್ಪ ಎಂಬುವರು ಕಂಪನಿಗೆ ಫೋನ್ ಮಾಡಿದರು. ವಯಸ್ಸು ಎಪ್ಪತ್ತು, ಶಾಲೆಯೊಂದರಲ್ಲಿ ತೋಟದ ಕೆಲಸ ಮಾಡಿ ನಿವೃತ್ತರಾದವರು. ಅರವತ್ತೈದು ದಾಟಿದವರಿಗೆ ಅನ್ವಯಿಸದ ವಿಮೆಯನ್ನು ಬ್ಯಾಂಕ್ ಅವರಿಗೆ ಅರವತ್ತಾರನೇ ವಯಸ್ಸಿನಲ್ಲಿ ಮಾರಿತ್ತು. ಕವನಾ ಎಂಬ ಹೆಸರು ಕೇಳಿದ್ದೇ ಕನ್ನಡಕ್ಕೆ ಇಳಿದರು.

"ಯಾವೂರಮ್ಮ ನಿಂದು?"

"ದಾವಣಗೆರೆ, ಅಂಕಲ್."

"ನಮ್ದು ತಿಪಟೂರು. ನೋಡಮ್ಮ, ಒಂದ್ ಮಾತು ನಿಜ ಹೇಳ್ಬಿಡು. ನಾನೇ ಬರೆದ್ರೆ ಬ್ಯಾಂಕ್ನೋರು ಕೊಡಲ್ವಾ?"

ಈ ಪ್ರಶ್ನೆಗೆ ಹೇಳಬೇಕಾದ ಉತ್ತರ ಅವಳ ಮುಂದಿನ ಹಾಳೆಯಲ್ಲೇ ಇತ್ತು. ಇಂಗ್ಲಿಷಿನಲ್ಲಿ ಅದನ್ನು ಅವಳು ನೂರಾರು ಸಲ ಹೇಳಿದ್ದಳು. ಕನ್ನಡಕ್ಕೆ ತಿರುಗಿಸಿ, "ಅನೇಕ ಗ್ರಾಹಕರು ನಮ್ಮ ಅನುಭವದ ಪ್ರಯೋಜನ ಪಡೆಯಲು ಇಷ್ಟಪಡುತ್ತಾರೆ," ಅಂದಳು.

"ಏನಂದೆ?"

ಅವಳು ಹಾಳೆಯನ್ನು ಬೋರಲು ಹಾಕಿದಳು. "ಕೊಡ್ತಾರೆ ಅಂಕಲ್," ಅಂದಳು. "ಕೊಡ್ದಿದ್ರೆ ದೂರು ಕೊಡಕ್ಕೆ ಒಂದು ಜಾಗ ಇದೆ, ಅಲ್ಲೂ ದುಡ್ಡು ತಗೊಳಲ್ಲ."

"ಅದೇ ಅಂದ್ಕೊಂಡೆ. ಆದ್ರೆ ನಂಗೆ ಇಂಗ್ಲಿಷ್ ಮಾತಾಡಕ್ಕೆ ಬರುತ್ತೆ, ಬರೆಯಕ್ಕೆ ಬರಲ್ಲ ಕಣಮ್ಮ. ಮೊಮ್ಮಗಳು ನಿಹಾರಿಕಾ ಇದಾಳೆ. ನಾನ್ ಕನ್ನಡದಲ್ಲಿ ಏನ್ ಹೇಳಿದ್ರೂ ಇಂಗ್ಲಿಷಲ್ಲೇ ಉತ್ತರ ಕೊಡ್ತಾಳೆ."

"ಹಂಗಾದ್ರೆ ಸರಿಹೋಯ್ತಲ್ಲ ಅಂಕಲ್. ನೀವು ಕನ್ನಡದಲ್ಲಿ ಹೇಳಿ, ಅವಳು ಇಂಗ್ಲಿಷಲ್ಲಿ ಬರೀಲಿ."

ಕರೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ಕನ್ನಡ ಬರುವವರು ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳು ಅಷ್ಟಾಗಿ ಹೆದರಲಿಲ್ಲ.

ಮೂರು ತಿಂಗಳು ಕಳೆಯಿತು. ಶಿವರುದ್ರಪ್ಪನವರಿಗೆ ದುಡ್ಡು ಬಂತು. ಅವರು ಉಪಕಾರ ಮರೆಯುವ ಜನವಲ್ಲ. ಕಂಪನಿಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಮೊಮ್ಮಗಳ ಕೈಲಿ ನಾಲ್ಕು ಒಳ್ಳೆಯ ಮಾತು ಬರೆಸಿದರು: "ಐದು ನಕ್ಷತ್ರ. ಇಲ್ಲಿಯ ಕವನಾ ಬಹಳ ಪ್ರಾಮಾಣಿಕರು. ಈ ಕಂಪನಿಗೆ ದುಡ್ಡು ಕೊಡುವ ಅಗತ್ಯವಿಲ್ಲವೆಂದು ನನ್ನ ತಾತನಿಗೆ ಅವರೇ ತಿಳಿಸಿದರು. ತಾತ ಈ ಕಂಪನಿಯನ್ನು ಎಲ್ಲರಿಗೂ ಶಿಫಾರಸು ಮಾಡುತ್ತಾರೆ."

ಗ್ಲೆನ್ ಅದನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟುಕೊಂಡು ಅವಳನ್ನು ಕರೆಸಿದ. ಕೆಲಸ ಹೋಯಿತು ಎಂದುಕೊಂಡು ಕವನಾ ತನ್ನ ಕಾಫಿ ಮಗ್ಗನ್ನು ಬ್ಯಾಗಿನಲ್ಲಿ ಹಾಕಿಕೊಂಡೇ ಒಳಗೆ ಹೋದಳು.

"ಐದು ನಕ್ಷತ್ರ," ಅಂದ ಗ್ಲೆನ್.

"ಹೌದು."

"ಇದನ್ನು ತೆಗೆಯುವಂತೆ ಅವರಿಗೆ ಹೇಳ್ತೀಯಾ?"

"ಅವರು ನಮ್ಮ ಗಿರಾಕಿ ಆಗಲೇ ಇಲ್ಲ. ಹಾಗಾಗಿ ಅವರ ನಂಬರನ್ನು ನಾವು ಇಟ್ಟುಕೊಳ್ಳೋ ಹಾಗಿಲ್ಲ."

ಗ್ಲೆನ್ ನಿಯಮದ ಪುಸ್ತಕ ತೆಗೆದು ನೋಡಿದ. ನಿಜವಾಗಿತ್ತು. "ಅವರಿಗೆ ಹೇಳಿದ್ದು ಸುಳ್ಳಾ?" ಎಂದು ಕೇಳಿದ. ಸುಳ್ಳಲ್ಲ ಎಂದಳು. ನಿಜ ಹೇಳಿದ್ದಕ್ಕೆ ಕೆಲಸದಿಂದ ತೆಗೆದೆ ಎಂದು ಕಾಗದದಲ್ಲಿ ಬರೆಯಲು ಅವನಿಗೂ ಮುಜುಗರವಾಯಿತು. ಅವಳಿಂದ ಫೋನಿನ ಕೆಲಸ ಕಿತ್ತುಕೊಂಡು, ಕಂಪನಿಯ ಫೀಸು ಜಾಸ್ತಿಯಾಯಿತು ಎಂದು ಬರುವ ದೂರುಗಳಿಗೆ ಉತ್ತರ ಬರೆಯುವ ಮೂಲೆಯ ಮೇಜಿಗೆ ಹಾಕಿದ.

ಅಲ್ಲಿ ಅವಳು ಏಳು ತಿಂಗಳಿದ್ದಳು. ದೂರು ಕೊಟ್ಟವರಲ್ಲಿ ಬಹಳ ಜನ ಅವಳ ಹಳೆಯ ಗಿರಾಕಿಗಳೇ. ಅವಳೇ ಸಹಿ ಹಾಕಿಸಿಕೊಂಡಿದ್ದವರು. ನಾಗರಾಜ ಕೂಡ ಬರೆದಿದ್ದರು, ಪೆನ್ಸಿಲ್ಲಿನಲ್ಲಿ, ಅರ್ಧ ಪುಟ. "ಒಂದು ಕಾಗದಕ್ಕೆ ಇಷ್ಟೊಂದೇ?" ಎಂದು ಕೇಳಿದ್ದರು, ಬೈದಿರಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಅವಳಿಗೆ ಅನ್ನಿಸಿತು. ಅವರ ಫೀಸನ್ನು ಅರ್ಧಕ್ಕೆ ಇಳಿಸುವಂತೆ ಶಿಫಾರಸು ಬರೆದಳು. ಗ್ಲೆನ್ ಕಾಲು ಭಾಗ ಇಳಿಸಿದ. ಆ ವಾರವೇ ರಾಜೀನಾಮೆ ಕೊಟ್ಟಳು.

ಈಗ ವೆಲ್ಷ್‌ಪೂಲಿನಲ್ಲಿ ಟೈಲ್ಸ್ ಗೋದಾಮೊಂದರ ಸಂಬಳದ ವಿಭಾಗದಲ್ಲಿದ್ದಾಳೆ. ಬೆಳಗ್ಗೆ ಬೇಗ ಏಳಬೇಕು ಅನ್ನುವುದೊಂದು ಬಿಟ್ಟರೆ ಕೆಲಸ ಹಿಡಿಸಿದೆ. ಕಳೆದ ತಿಂಗಳು ಅಲ್ಲಿಯ ಡ್ರೈವರ್ ಯಶವಂತ ಅಂಥದೇ ಒಂದು ಪಾಲಿಸಿ ತಂದು ತೋರಿಸಿದ. ಊಟದ ಬಿಡುವಿನಲ್ಲಿ ಅರ್ಧ ಗಂಟೆ ಕೂತು ಎಲ್ಲ ಹೇಳಿಕೊಟ್ಟಳು. ತುಂಬ ಚೆನ್ನಾಗಿ ಅರ್ಥವಾಯಿತು ಎಂದ. ಮಾರನೇ ದಿನ ದುಡ್ಡು ವಾಪಸ್ ಕೊಡಿಸುವ ಒಂದು ಕಂಪನಿಗೆ ಸಹಿ ಹಾಕಿಕೊಟ್ಟು ಬಂದ.

"ಯಾಕೋ?" ಎಂದು ಕೇಳಿದಳು.

"ಎರಡು ಶಿಫ್ಟ್ ಮಾಡ್ತಿದೀನಿ ಅಕ್ಕ. ಮನೆಗ್ ಹೋದ್ರೆ ಮಗು ಅಳ್ತಿರುತ್ತೆ. ಆ ಒಂದ್ ಪುಟ ಯಾವಾಗ ಬರೀಲಿ?"

ಕಂಪನಿಯವರು ಎಷ್ಟು ಪರ್ಸೆಂಟ್ ಹೇಳಿದರು ಎಂದು ಕೇಳಿದಳು. ಮೂವತ್ತೈದು ಎಂದ.

"ಮೂವತ್ತಕ್ಕೆ ಕೇಳು, ಒಪ್ತಾರೆ," ಎಂದು ಹೇಳಿ ತನ್ನ ಮೇಜಿಗೆ ಹೋದಳು.