ನಡುರಸ್ತೆಯಲ್ಲಿ ಸಿಕ್ಕಿದ ರಾಧಕ್ಕ

ಎದುರು ಮನೆಯ ಹೆಂಗಸನ್ನು ಮಾತಾಡಿಸಲು ನನಗೆ ಏಳು ತಿಂಗಳು ಬೇಕಾಯಿತು ಎಂದರೆ ಬಾಳೂರಿನ ನೀವು ಯಾರೂ ನಂಬುವುದಿಲ್ಲ. ಜಗಳವೇನೂ ಇರಲಿಲ್ಲ. ನಡುವೆ ಚಿಕ್ಕಮಗಳೂರಿನ ದೊಡ್ಡ ರಸ್ತೆ ಇತ್ತು, ಅಷ್ಟೇ.

ಕಾಫಿ ಹಣ್ಣು ಕುಯ್ಯಲು ಮಂಡಿ ಒಪ್ಪದೆ ಹೋದ ಮೇಲೆ ಮಗಳು ಸುಮಿತ್ರಾ ಬಾಳೂರು ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ನನ್ನನ್ನು ಇಲ್ಲಿಗೆ ಕರೆತಂದಳು. ಬಾಡಿಗೆ ಮನೆ, ಬಾಗಿಲು ತೆಗೆದರೆ ರಸ್ತೆ. ನಮ್ಮಲ್ಲಿ ಜೀಪು ಬಂದರೆ ನಿಲ್ಲಿಸಿ "ಹತ್ತಿ ಅಜ್ಜಿ" ಅನ್ನುತ್ತಾರೆ. ಇಲ್ಲಿ ಕಾಲು ಮುಂದಿಟ್ಟರೆ ಹಾರನ್ನಿನಲ್ಲೇ ಬೈಯುತ್ತಾರೆ. ಎದುರು ಜಗಲಿಯಲ್ಲಿ ನನ್ನ ವಯಸ್ಸಿನವಳೊಬ್ಬಳು ಕೂತಿರುತ್ತಿದ್ದಳು. ನಾನು ಕೈ ಎತ್ತಿದರೆ ಅವಳೂ ಎತ್ತುವಳು. ನಡುವೆ ಬಸ್ಸು ಅಡ್ಡ ನಿಂತರೆ, ಅದು ಹೋಗುವ ತನಕ ಇಬ್ಬರ ಕೈಯೂ ಮೇಲೇ! ಮಗಳು ಕೆಲಸಕ್ಕೆ, ಮೊಮ್ಮಗಳು ಚೈತ್ರಾ ಶಾಲೆಗೆ. ಮಾತಿಲ್ಲದೆ ನನ್ನ ನಾಲಿಗೆ ಜಡ್ಡುಗಟ್ಟಿತು.

"ನನ್ನ ಲೈನಿಗೇ ಬಿಟ್ಬಿಡು" ಎಂದು ಹಠ ಹಿಡಿದೆ.

"ಈ ತಿಂಗ್ಳೊಂದು ಕಳೀಲಿ ಅವ್ವಾ" ಅಂದಳು ಸುಮಿತ್ರಾ. ನಾನು ಚೀಲ ಕಟ್ಟಿಟ್ಟೆ.

ಆಗಲೇ ನಗರಸಭೆಯವರು ಮನೆ ಮುಂದಿನ ಕಂಬಕ್ಕೆ ಒಂದು ಕಾಗದ ಅಂಟಿಸಿದರು. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ: "ಇನ್ನು ಪ್ರತಿ ಭಾನುವಾರ ಬೆಳಿಗ್ಗೆ ವಾಹನಮುಕ್ತ ರಸ್ತೆ." ಮುಕ್ತ ಅಂದರೆ ಬಾಗಿಲು ತೆರೆದಿಟ್ಟ ಹಾಗೆ ಎಂದು ನನಗೆ ಗೊತ್ತು. ಅಯ್ಯೋ ದೇವರೇ, ಇಷ್ಟು ದಿನ ಓಡಾಡಿದ್ದು ಸಾಲದು ಅಂತ ಈಗ ಪೂರ್ತಿ ಗಾಡಿಗಳಿಗೇ ಬಿಟ್ಟುಕೊಟ್ಟರಲ್ಲ! ಭಾನುವಾರ ಬಾಗಿಲಿಗೆ ಚಿಲಕ ಹಾಕಿ, ಚೈತ್ರಾಳನ್ನೂ ಎಳೆದು ಕೂರಿಸಿಕೊಂಡೆ.

"ಅಜ್ಜೀ, ಗಾಡಿಗೆ ಮುಕ್ತ ಅಲ್ಲ, ಗಾಡಿಯಿಂದ ಮುಕ್ತ!" ಅವಳು ನಕ್ಕು ನಕ್ಕು ಉರುಳಿದಳು. "ಒಂದ್ಸಲ ಹೊರಗ್ ನೋಡಿ."

ನೋಡಿದೆ. ಕಾಫಿ ಬಾಚಿ ತೆಗೆದ ಕಣದ ಹಾಗೆ ರಸ್ತೆ ಬರಿದು! ಮಕ್ಕಳು ಸೈಕಲ್ ಹೊಡೆಯುತ್ತಿದ್ದಾರೆ, ಯಾರೋ ಟಾರಿನ ಮೇಲೇ ರಂಗೋಲಿ ಬಿಡುತ್ತಿದ್ದಾರೆ. ಆದರೂ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಇನ್ನೊಮ್ಮೆ ಎಡಕ್ಕೆ ನೋಡಿ ಇಳಿದೆ. ಆ ಕಡೆಯಿಂದ ಅವಳೂ ಇಳಿದಳು. ನಟ್ಟನಡುವೆ ಇಬ್ಬರೂ ನಿಂತೆವು.

"ಅಂತೂ ಬಂದ್ಯಲ್ಲ ಮಾರಾಯ್ತಿ! ಕೈ ಬೀಸಿ ಬೀಸಿ ತೋಳೇ ಬಿದ್ದೋಯ್ತು ನಂಗೆ."

"ನಂದೇನ್ ಕಬ್ಬಿಣದ್ದಾ? ಹೆಸರೇನೇ ನಿಂದು?"

"ರಾಧಾ. ಕಬ್ಬಿಣ ತೆಗೀತಿದ್ದ ಊರಿನವ್ಳೇ, ಕುದುರೆಮುಖ. ಗಣಿ ನಿಂತ್ಮೇಲೆ ಜನ ಎಲ್ಲ ಖಾಲಿ."

ಅವಳು ಚಾಪೆ ತಂದಳು, ನಾನು ಬಿಸಿ ಕಡುಬು ತಂದೆ. ಬಸ್ಸು ಓಡುವ ಜಾಗದಲ್ಲಿ ಕಾಲು ಚಾಚಿ ಕೂತು ತಿಂದೆವು. ಇಂಥ ರಾಜಯೋಗ ಯಾರಿಗುಂಟು ಹೇಳಿ! ಅವಳದು ಗಣಿ ಕಾಲೋನಿಯ ಕಥೆ, ನನ್ನದು ತೋಟದ ಜಿಗಣೆಯ ಕಥೆ. ಹತ್ತು ಗಂಟೆಗೆ ಪೊಲೀಸಿನವರು ಬಂದು, "ಏಳ್ರಜ್ಜಿ, ಗಾಡಿ ಬಿಡ್ಬೇಕು" ಅಂದರು.

"ತಡೀರಿ ಸಾರ್, ಇನ್ನೂ ನನ್ನ ಮದ್ವೆವರೆಗೇ ಬಂದಿಲ್ಲ ಕಥೆ" ಅಂದಳು ರಾಧಕ್ಕ.

ಸಂಜೆ ನಾನೇ ಚೀಲ ಬಿಚ್ಚಿ ಸೀರೆಗಳನ್ನು ಹಲಗೆಯ ಮೇಲೆ ಜೋಡಿಸಿದೆ. ಸುಮಿತ್ರಾ ಖಾಲಿ ಚೀಲವನ್ನು ಮಡಿಸಿ ಅಟ್ಟಕ್ಕೆ ಎಸೆದಳು.

ಮಳೆ ಹಿಡಿದರೆ ಮನಸ್ಸು ಈಗಲೂ ನಿಮ್ಮ ಲೈನಿನ ಮುಂದೆಯೇ ಸುತ್ತುತ್ತದೆ, ಸುಳ್ಳು ಹೇಳುವುದಿಲ್ಲ. ಹೋದ ವಾರ ಆ ಪೊಲೀಸಿನವರು ಯಾವ ಊರು ಎಂದು ಕೇಳಿದಾಗ ಹೇಳಿಯೇಬಿಟ್ಟೆ: "ಆರು ದಿನ ಬಾಳೂರು ಸಾರ್. ಭಾನುವಾರ ಮಾತ್ರ ಇದೇ ನಮ್ಮೂರು."